ಕೆಲಸ ಮಾಡ್ತಾನೇ ಎಂಬಿಎ: ಫೀ ಕಟ್ಟೋ ಮುಂಚೆ ಆ ಕಾಗದ ಯಾರು ಕೇಳ್ತಾರೆ ಅಂತ ನೋಡ್ಕೊಳ್ಳಿ

ಪಾವಗಡ: ವಯಸ್ಸು ಮೂವತ್ತೈದು ದಾಟಿದೆ. ಸೋಲಾರ್ ಪಾರ್ಕ್‌ನಲ್ಲಿ ಸೂಪರ್‌ವೈಸರ್ ಕೆಲಸ, ಇಲ್ಲವೇ ಬ್ಯಾಂಕಿನಲ್ಲಿ ಕ್ಲರ್ಕ್, ಇಲ್ಲವೇ ಅಪ್ಪನ ಕಾಲದಿಂದ ನಡೆದು ಬಂದ ಅಂಗಡಿ. ಸಂಬಳ, ಆದಾಯ ಎರಡೂ ಇದ್ದಲ್ಲೇ ನಿಂತಿದೆ. ಅಂಥ ಹೊತ್ತಿನಲ್ಲಿ ಫೋನಿಗೆ ಒಂದು ಮೆಸೇಜ್ ಬರುತ್ತದೆ. "ಕೆಲಸ ಬಿಡಬೇಕಿಲ್ಲ, ಮನೆಯಲ್ಲೇ ಕೂತು ಎಕ್ಸಿಕ್ಯೂಟಿವ್ ಎಂಬಿಎ ಮಾಡಿ, ಸಂಬಳ ಡಬಲ್ ಮಾಡ್ಕೊಳ್ಳಿ." ವಿಚಾರಿಸೋಣ ಅಂತ ಒಂದು ಸಲ ನಂಬರ್ ಕೊಟ್ಟರೆ ಸಾಕು, ದಿನಕ್ಕೆ ನಾಲ್ಕು ಫೋನ್ ಶುರು.

ಓದೋದು ತಪ್ಪಲ್ಲ, ವಯಸ್ಸಿನ ಅಡ್ಡಿಯೂ ಇಲ್ಲ. ಆದರೆ ಎಂಬಿಎ ಹೆಸರಿನಲ್ಲಿ ಮಾರಾಟ ಆಗ್ತಿರೋದೆಲ್ಲ ಒಂದೇ ಸರಕಲ್ಲ. ಕೆಲವು ಪದವಿ, ಕೆಲವು ಡಿಪ್ಲೊಮಾ, ಕೆಲವು ಬರೀ ಸರ್ಟಿಫಿಕೇಟ್, ಇನ್ನು ಕೆಲವು ಯಾವುದಕ್ಕೂ ಬಾರದ ಕಾಗದ. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಕಡೆಯವರು ದುಡ್ಡು ಕಟ್ಟುವ ಮೊದಲು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಎಕ್ಸಿಕ್ಯೂಟಿವ್ ಅಂದ್ರೆ ಏನು?

ಈ ಪದಕ್ಕೆ ದೊಡ್ಡ ಗುಟ್ಟೇನೂ ಇಲ್ಲ. ಕಾಲೇಜು ಮುಗಿಸಿದ ಹುಡುಗರಿಗಲ್ಲ, ಈಗಾಗಲೇ ಕೆಲಸದಲ್ಲಿ ಇರುವವರಿಗೆ ಮಾಡಿದ ಕೋರ್ಸ್ ಅಂತ ಅರ್ಥ. ಪಾಠ ವಾರಾಂತ್ಯದಲ್ಲೋ, ಸಂಜೆಯಲ್ಲೋ, ಆನ್‌ಲೈನ್‌ನಲ್ಲೋ ನಡೆಯುತ್ತದೆ. ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯ 1943ರಲ್ಲೇ ಇಂಥ ಮೊದಲ ಕೋರ್ಸ್ ಶುರು ಮಾಡಿತ್ತು.

ನಮ್ಮ ಕಡೆಯವರ ಕೈಗೆ ಸಿಗುವ ದಾರಿಗಳು ಮುಖ್ಯವಾಗಿ ನಾಲ್ಕು.

ಒಂದು, ಕಾಲೇಜಿಗೇ ಹೋಗಿ ಓದುವ ಎರಡು ವರ್ಷದ ಎಂಬಿಎ. ತುಮಕೂರು ವಿಶ್ವವಿದ್ಯಾಲಯದಲ್ಲೂ ತುಮಕೂರಿನ ಕಾಲೇಜುಗಳಲ್ಲೂ ಇದೆ. ಸರ್ಕಾರಿ ಕೋಟಾದ ಸೀಟಿಗೆ ಪಿಜಿಸಿಇಟಿ ಬರೆಯಬೇಕು. ಆದರೆ ದಿನಾ ತರಗತಿ ಇರುತ್ತದೆ. ಸಂಸಾರ ಇರೋರು ಕೆಲಸ ಬಿಟ್ಟು ಹೋಗೋದು ಕಷ್ಟ.

ಎರಡು, ದೂರಶಿಕ್ಷಣ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮತ್ತು ಕೇಂದ್ರ ಸರ್ಕಾರದ ಇಗ್ನೋ, ಇವೆರಡು ಇಲ್ಲಿಯವರಿಗೆ ಪರಿಚಯ ಇರುವ ಹೆಸರುಗಳು. 1985ರಲ್ಲಿ ಶುರುವಾದ ಇಗ್ನೋಗೆ ದೇಶದ ಯಾವ ರಾಜ್ಯದಲ್ಲಾದರೂ ಕೇಂದ್ರ ನಡೆಸಲು ಅವಕಾಶ ಇದೆ. ಇಗ್ನೋ ಎಂಬಿಎಗೆ ಯಾವುದೇ ಡಿಗ್ರಿಯಲ್ಲಿ ಶೇ 50 ಅಂಕ ಬೇಕು, ಮೀಸಲಾತಿ ಇರುವವರಿಗೆ ಶೇ 45. ಇಡೀ ಕೋರ್ಸಿನ ಫೀ 1 ಲಕ್ಷದ ಒಳಗೇ ಮುಗಿಯುತ್ತದೆ.

ಮೂರು, ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಆನ್‌ಲೈನ್ ಎಂಬಿಎ. ಫೋನ್ ಮಾಡೋರು ಹೆಚ್ಚಾಗಿ ಮಾರೋದು ಇದನ್ನೇ. ಮಾನ್ಯತೆ ಇರುವ ಒಳ್ಳೆಯವೂ ಇವೆ. ಆದರೆ ಮೋಸಕ್ಕೆ ಜಾಗ ಹೆಚ್ಚಿರೋದೂ ಇಲ್ಲೇ.

ನಾಲ್ಕು, ಐಐಎಂ. ಬೆಂಗಳೂರು ಬನ್ನೇರುಘಟ್ಟ ರಸ್ತೆಯ ಐಐಎಂ ಶುರುವಾಗಿದ್ದು 1973ರಲ್ಲಿ. ಕೆಲಸದಲ್ಲಿ ಇರುವವರಿಗಾಗಿ ಅಲ್ಲಿ ವಾರಾಂತ್ಯದ ಎರಡು ವರ್ಷದ ಕೋರ್ಸ್ ಇದೆ, ಅದರ ಹೆಸರು ಪಿಜಿಪಿಇಎಂ. ಕನಿಷ್ಠ 5 ವರ್ಷ ಅನುಭವ ಇದ್ದವರಿಗೆ ಒಂದು ವರ್ಷದ ಪೂರ್ಣಾವಧಿ ಇಪಿಜಿಪಿ ಇದೆ. ಪ್ರವೇಶ ಪರೀಕ್ಷೆ, ಸಂದರ್ಶನ ಎರಡೂ ದಾಟಬೇಕು. ವಾರಾಂತ್ಯದ ಕೋರ್ಸಿಗೇ 15 ಲಕ್ಷಕ್ಕೂ ಮೇಲೆ ಖರ್ಚಾಗುತ್ತದೆ. ಪಾವಗಡದಿಂದ ಬೆಂಗಳೂರಿಗೆ ಸುಮಾರು 150 ಕಿಲೋಮೀಟರ್ ದಾರಿ, ಎರಡು ವರ್ಷ ವಾರವಾರ ಓಡಾಡಬೇಕು ಅನ್ನೋದೂ ಲೆಕ್ಕದಲ್ಲಿರಲಿ.

ಪದವಿಯೋ, ಸರ್ಟಿಫಿಕೇಟೋ?

ಜನ ಮೋಸ ಹೋಗೋದು ಹೆಚ್ಚಾಗಿ ಈ ಒಂದು ಪ್ರಶ್ನೆ ಕೇಳದೇ ಇದ್ದಾಗ.

ಯುಜಿಸಿ ಕಾಯ್ದೆ 1956ರಲ್ಲಿ ಬಂತು. ಕಾನೂನಿನ ಪ್ರಕಾರ ಹುಟ್ಟಿದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ, ಇಲ್ಲವೇ ಸಂಸತ್ತು ಅಧಿಕಾರ ಕೊಟ್ಟ ಸಂಸ್ಥೆ, ಇವಿಷ್ಟೇ ಪದವಿ ಕೊಡಬಹುದು ಅಂತ ಆ ಕಾಯ್ದೆ ಹೇಳುತ್ತದೆ. ಐಐಎಂಗಳು ಕೂಡ ಮೊದಲು ಡಿಪ್ಲೊಮಾ ಅಷ್ಟೇ ಕೊಡ್ತಿದ್ದವು. ಐಐಎಂ ಕಾಯ್ದೆ 2018ರ ಜನವರಿ 31ರಂದು ಜಾರಿಗೆ ಬಂದ ಮೇಲೆ ಅವಕ್ಕೂ ಪದವಿ ಕೊಡುವ ಅಧಿಕಾರ ಸಿಕ್ಕಿತು.

ಹಾಗಂತ ದೊಡ್ಡ ಸಂಸ್ಥೆಯ ಹೆಸರಿರುವ ಎಲ್ಲಾ ಕೋರ್ಸೂ ಪದವಿ ಅಲ್ಲ. ಕೆಲವು ತಿಂಗಳ ಆನ್‌ಲೈನ್ 'ಎಕ್ಸಿಕ್ಯೂಟಿವ್ ಪ್ರೋಗ್ರಾಂ' ಮುಗಿಸಿದರೆ ಬರೋದು ಸರ್ಟಿಫಿಕೇಟ್. ಕಲಿಯೋಕೆ ಅದು ಚೆನ್ನಾಗೇ ಇರಬಹುದು. ಆದರೆ 'ಸ್ನಾತಕೋತ್ತರ ಪದವಿ ಕಡ್ಡಾಯ' ಅಂತ ಬರೆದಿರುವ ಅರ್ಜಿಗೆ ಅದು ನಡೆಯಲ್ಲ. ಪಿಜಿಡಿಎಂ ಡಿಪ್ಲೊಮಾ ಕೊಡುವ ಸ್ವತಂತ್ರ ಸಂಸ್ಥೆಗಳಿಗೆ ಎಐಸಿಟಿಇ ಅನುಮೋದನೆ ಬೇಕು, ಅದನ್ನೂ ಕೇಳಬೇಕು.

ಯುಜಿಸಿ 2024ರಲ್ಲಿ '10 ದಿನದ ಎಂಬಿಎ' ಥರದ ಕೋರ್ಸುಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಎಂಬಿಎ ಅನ್ನೋ ಮೂರು ಅಕ್ಷರ ಬಳಸಿದ ಮಾತ್ರಕ್ಕೆ ಅದು ಪದವಿ ಆಗಲ್ಲ ಅನ್ನೋದು ಅದರ ಸಾರ. ವಿದೇಶಿ ವಿಶ್ವವಿದ್ಯಾಲಯದ ಹೆಸರಲ್ಲಿ ಇಲ್ಲಿನ ಕಂಪನಿಗಳು ಆನ್‌ಲೈನ್ ಪದವಿ ಮಾರುವುದರ ಬಗ್ಗೆ 2023ರ ಡಿಸೆಂಬರ್‌ನಲ್ಲೂ ಯುಜಿಸಿ ಹೇಳಿತ್ತು. ನಿಯಮ ಮೀರಿದ ಅಂಥ ಪದವಿಗೆ ಇಲ್ಲಿ ಮಾನ್ಯತೆ ಸಿಗಲ್ಲ.

ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿ ಪ್ರಕಟಿಸುತ್ತದೆ. ಕರ್ನಾಟಕದ ಗೋಕಾಕದಲ್ಲಿ 'ವರ್ಲ್ಡ್ ಓಪನ್ ಯೂನಿವರ್ಸಿಟಿ' ಅಂತ ಹೆಸರು ಹಾಕಿಕೊಂಡಿದ್ದ ಒಂದು ಸೊಸೈಟಿ ಆ ಪಟ್ಟಿಯಲ್ಲಿ ಎಷ್ಟೋ ವರ್ಷ ಇತ್ತು. ಹೆಸರಿನಲ್ಲಿ 'ಯೂನಿವರ್ಸಿಟಿ' ಇದೆ ಅಂತ ನಂಬಬಾರದು ಅನ್ನೋದಕ್ಕೆ ಬೇರೆ ಉದಾಹರಣೆ ಬೇಡ.

ಮುಕ್ತ ವಿವಿಯಿಂದ ಕಲಿತ ಪಾಠ

ನಕಲಿ ಸಂಸ್ಥೆ ಬಿಡಿ, ಅಸಲಿ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರಿದವರೂ ಪೇಚಿಗೆ ಸಿಕ್ಕಿದ್ದಾರೆ. ನಮ್ಮ ರಾಜ್ಯದಲ್ಲೇ ಆಗಿದ್ದು ಇದು.

ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಶುರು ಮಾಡಿತ್ತು. ಅದೇ ಬೆಳೆದು 1996ರ ಜೂನ್ 1ರಂದು ಮುಕ್ತ ವಿಶ್ವವಿದ್ಯಾಲಯ ಆಯಿತು. ಕೆಲಸ ಮಾಡ್ತಾ ಡಿಗ್ರಿ ಮುಗಿಸಿದ ಮೇಷ್ಟ್ರು, ಪೊಲೀಸರು, ಗುಮಾಸ್ತರು ಪ್ರತಿ ತಾಲ್ಲೂಕಿನಲ್ಲೂ ಸಿಗ್ತಾರೆ.

ಆದರೆ 2012-13ರ ನಂತರ ಇದರ ಮಾನ್ಯತೆ ನವೀಕರಣ ಆಗಲಿಲ್ಲ. ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು ಹೊರರಾಜ್ಯಗಳಲ್ಲೂ ಕೋರ್ಸ್ ನಡೆಸಿದ್ದು ಯುಜಿಸಿಯ ಮುಖ್ಯ ಆಕ್ಷೇಪ. 2015ರ ಜೂನ್‌ನಲ್ಲಿ ಯುಜಿಸಿ ಬಹಿರಂಗ ಪ್ರಕಟಣೆ ಹೊರಡಿಸಿ, 2013-14ರಿಂದ ಮಾನ್ಯತೆ ಇಲ್ಲ ಅಂತ ಹೇಳಿತು. ಅಷ್ಟು ಹೊತ್ತಿಗೆ ಜನ ಫೀ ಕಟ್ಟಿ, ಪರೀಕ್ಷೆ ಬರೆದಾಗಿತ್ತು. ಅವರು ಓದಿದ್ದು ಸುಳ್ಳಲ್ಲ. ಆದರೆ ನೇಮಕಾತಿ, ಬಡ್ತಿ ಬಂದಾಗ ಆ ಪದವಿ ನಡೆಯುತ್ತಾ ಅನ್ನೋ ಪ್ರಶ್ನೆ ಎದುರಾಯಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರ ಆಗಸ್ಟ್‌ನಲ್ಲಿ, 2018-19ರಿಂದ ಐದು ವರ್ಷಕ್ಕೆ.

ಇದರಿಂದ ತಿಳಿಯಬೇಕಾದ್ದು ಎರಡು ವಿಷಯ. ಮಾನ್ಯತೆ ಅನ್ನೋದು ಒಂದು ಸಲ ಸಿಕ್ಕರೆ ಶಾಶ್ವತ ಅಲ್ಲ. ವಿಶ್ವವಿದ್ಯಾಲಯಕ್ಕೆ ಇದ್ದರೆ ಸಾಲದು, ನೀವು ಸೇರುವ ಕೋರ್ಸಿಗೆ, ನೀವು ಸೇರುವ ವರ್ಷದಲ್ಲಿ ಇರಬೇಕು. "ನಮ್ಮಣ್ಣ ಅಲ್ಲೇ ಓದಿದ್ದು, ಏನೂ ತೊಂದರೆ ಆಗಿಲ್ಲ" ಅನ್ನೋದು ಲೆಕ್ಕಕ್ಕೆ ಬರಲ್ಲ. ಅಣ್ಣ ಸೇರಿದ ವರ್ಷ ಬೇರೆ, ನೀವು ಸೇರೋ ವರ್ಷ ಬೇರೆ.

ಎರಡನೇದು ಗಡಿ ವಿಷಯ. ಪಾವಗಡಕ್ಕೆ ಮೂರು ಕಡೆ ಆಂಧ್ರ. ಹಿಂದೂಪುರ, ಮಡಕಶಿರಾಕ್ಕೆ ಸಂತೆ, ಆಸ್ಪತ್ರೆ, ನೆಂಟಸ್ತನಕ್ಕೆ ಹೋಗಿಬರೋದು ಇಲ್ಲಿ ಮಾಮೂಲು. ಆದರೆ ಒಂದು ರಾಜ್ಯದ ವಿಶ್ವವಿದ್ಯಾಲಯ ಇನ್ನೊಂದು ರಾಜ್ಯದಲ್ಲಿ ದೂರಶಿಕ್ಷಣ ಕೇಂದ್ರ ತೆರೆಯುವಂತಿಲ್ಲ, ಫ್ರಾಂಚೈಸಿ ಕೊಡುವಂತೆಯೂ ಇಲ್ಲ. ಹೊರರಾಜ್ಯದ ಯಾವುದೋ ವಿವಿಯ 'ಸ್ಟಡಿ ಸೆಂಟರ್' ಅಂತ ಇಲ್ಲಿನ ಬಸ್ ಸ್ಟ್ಯಾಂಡ್ ಹತ್ತಿರ ಬೋರ್ಡ್ ಕಂಡರೆ ಅನುಮಾನ ಪಡಬೇಕು. ಆನ್‌ಲೈನ್ ಕೋರ್ಸಿಗೆ ಮಾತ್ರ ಈ ಗಡಿ ಇಲ್ಲ. ಮಾನ್ಯತೆ ಪಡೆದ ವಿವಿ ದೇಶದ ಎಲ್ಲಿಯವರನ್ನಾದರೂ ಸೇರಿಸಿಕೊಳ್ಳಬಹುದು.

ನೋಡೋದು ಹೇಗೆ?

ಯುಜಿಸಿಯ ದೂರಶಿಕ್ಷಣ ವಿಭಾಗಕ್ಕೆ ಡಿಇಬಿ ಅಂತಾರೆ. ಅದರ ವೆಬ್‌ಸೈಟ್‌ನಲ್ಲಿ ಯಾವ ವಿವಿಯ ಯಾವ ಕೋರ್ಸಿಗೆ ಯಾವ ವರ್ಷ ಅನುಮತಿ ಇದೆ ಅಂತ ಪಟ್ಟಿ ಸಿಗುತ್ತದೆ. ಮೊಬೈಲ್‌ನಲ್ಲೇ ನೋಡಬಹುದು. ಫೋನ್ ಮಾಡಿದವರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪಿಡಿಎಫ್ ನಂಬಬೇಡಿ, ನೀವೇ ತೆಗೆದು ನೋಡಿ.

2024ರಿಂದ ಇನ್ನೊಂದು ನಿಯಮ ಬಂದಿದೆ. ದೂರಶಿಕ್ಷಣ ಅಥವಾ ಆನ್‌ಲೈನ್ ಕೋರ್ಸಿಗೆ ಸೇರುವ ವಿದ್ಯಾರ್ಥಿ ಮೊದಲು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಎಬಿಸಿ ಐಡಿ ಮಾಡಿಸಿ, ಅದರ ಮೇಲೆ ಡಿಇಬಿ ಐಡಿ ಪಡೆಯಬೇಕು. ಈ ನಂಬರ್ ಕೇಳದೇ "ಇವತ್ತೇ ಅಡ್ಮಿಷನ್ ಮುಗಿಸಿಬಿಡೋಣ" ಅನ್ನೋರ ಹತ್ತಿರ ಹುಷಾರಾಗಿರಿ. ಪ್ರವೇಶ ವರ್ಷಕ್ಕೆ ಎರಡು ಸಲ, ಜನವರಿ-ಫೆಬ್ರವರಿ ಮತ್ತು ಜುಲೈ-ಆಗಸ್ಟ್ ಅವಧಿಗೆ ಇರುತ್ತದೆ. ಇವತ್ತು ತಪ್ಪಿದರೆ ಆರು ತಿಂಗಳಿಗೆ ಮತ್ತೆ ಬಾಗಿಲು ತೆಗೆಯುತ್ತೆ, ಅವಸರ ಬೇಡ.

ಮಾನ್ಯತೆ ಸರಿ ಇದ್ದರೆ ದೂರಶಿಕ್ಷಣದ ಪದವಿ ಕೀಳಲ್ಲ. ಕಾಲೇಜಿಗೆ ಹೋಗಿ ಪಡೆದ ಪದವಿಗೆ ಅದು ಸಮ ಅಂತ 2022ರ ಸೆಪ್ಟೆಂಬರ್‌ನಲ್ಲಿ ಯುಜಿಸಿ ಸ್ಪಷ್ಟ ಮಾಡಿದೆ. ಆದರೆ ಖಾಸಗಿ ಕಂಪನಿ ಅದಕ್ಕೆ ಎಷ್ಟು ಬೆಲೆ ಕೊಡುತ್ತೆ ಅನ್ನೋದು ಆ ಕಂಪನಿಗೆ ಬಿಟ್ಟಿದ್ದು. ಕಾನೂನಿನ ಮಾನ್ಯತೆ ಬೇರೆ, ಮಾರುಕಟ್ಟೆಯ ಬೆಲೆ ಬೇರೆ.

ಆ ಕಾಗದ ಯಾರು ಕೇಳ್ತಾರೆ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಉತ್ತರ ಒಬ್ಬೊಬ್ಬರಿಗೆ ಒಂದೊಂದು ಥರ.

ಸರ್ಕಾರಿ ನೌಕರರು: ಬಡ್ತಿ ನಿಯಮದಲ್ಲಿ ಸ್ನಾತಕೋತ್ತರ ಪದವಿ ಲೆಕ್ಕಕ್ಕೆ ಬರುತ್ತಾ ಅಂತ ಮೊದಲು ಇಲಾಖೆಯಲ್ಲೇ ಕೇಳಿ. ಬರುತ್ತೆ ಅಂದರೆ ಮಾನ್ಯತೆ ಇರುವ, ಕಡಿಮೆ ಫೀ ಪದವಿಯೇ ಸಾಕು. ದುಬಾರಿ ಹೆಸರಿಗೆ ಅಲ್ಲಿ ಹೆಚ್ಚು ಅಂಕ ಇಲ್ಲ. ಸೇರುವ ಮೊದಲು ಇಲಾಖೆಯ ಅನುಮತಿ ಬರಹದಲ್ಲಿ ತಗೊಳ್ಳೋದು ಒಳ್ಳೇದು.

ಬ್ಯಾಂಕ್ ನೌಕರರು: ಐಐಬಿಎಫ್ ನಡೆಸುವ ಜೆಎಐಐಬಿ, ಸಿಎಐಐಬಿ ಪರೀಕ್ಷೆ ಮುಗಿಸಿದರೆ ಸಂಬಳದಲ್ಲಿ ಇನ್‌ಕ್ರಿಮೆಂಟ್ ಸಿಗುತ್ತದೆ. ಖರ್ಚು ಎಂಬಿಎ ಮುಂದೆ ಏನೇನೂ ಅಲ್ಲ. ಅದು ಮುಗಿಸದೇ ಎಂಬಿಎಗೆ ಕೈ ಹಾಕೋದು ಹತ್ತಿರದ ಬಾವಿ ಬಿಟ್ಟು ದೂರದ ಕೆರೆಗೆ ಹೋದ ಹಾಗೆ.

ಖಾಸಗಿ ಕಂಪನಿಯವರು: ಸೋಲಾರ್ ಪಾರ್ಕ್, ವಸಂತನರಸಾಪುರ ಕೈಗಾರಿಕಾ ಪ್ರದೇಶ, ಬೆಂಗಳೂರಿನ ಕಂಪನಿಗಳಲ್ಲಿ ಇರುವವರು ತಮ್ಮ ಎಚ್‌ಆರ್ ವಿಭಾಗಕ್ಕೆ ಒಂದೇ ಪ್ರಶ್ನೆ ಕೇಳಬೇಕು. "ಈ ಕೋರ್ಸ್ ಮುಗಿಸಿದರೆ ಮ್ಯಾನೇಜರ್ ಹುದ್ದೆಗೆ ನನ್ನನ್ನು ಪರಿಗಣಿಸ್ತೀರಾ, ಫೀನಲ್ಲಿ ಸ್ವಲ್ಪ ಭಾಗ ಕೊಡ್ತೀರಾ?" ಕೆಲವು ಕಂಪನಿಗಳು ಕೊಡ್ತವೆ. ಬದಲಿಗೆ ಇಷ್ಟು ವರ್ಷ ಕೆಲಸ ಬಿಡಬಾರದು ಅಂತ ಬಾಂಡ್ ಕೇಳಬಹುದು, ಓದಿ ಸಹಿ ಮಾಡಿ. ನಿಮ್ಮ ಮೇಲಿನ ಹುದ್ದೆಯಲ್ಲಿ ಇರೋರು ಏನು ಓದಿದ್ದಾರೆ, ಎಲ್ಲಿ ಓದಿದ್ದಾರೆ ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಅಂಗಡಿ, ಸ್ವಂತ ವ್ಯಾಪಾರದವರು: ನಿಮ್ಮ ಅಂಗಡಿಗೆ ಬಂದು ಎಂಬಿಎ ಕಾಗದ ತೋರಿಸಿ ಅಂತ ಯಾವ ಗಿರಾಕಿಯೂ ಕೇಳಲ್ಲ. ಸಾಲ ಕೊಡೋ ಬ್ಯಾಂಕ್ ಕೇಳೋದು ಜಿಎಸ್‌ಟಿ ರಿಟರ್ನ್, ಐಟಿ ರಿಟರ್ನ್, ಖಾತೆಯ ವಹಿವಾಟು. ನಿಮಗೆ ಬೇಕಿರೋದು ಪದವಿಯಲ್ಲ, ವಿದ್ಯೆ. ಉದ್ರಿ ಎಷ್ಟು ದಿನ ಬಿಡಬಹುದು, ಯಾವ ಸರಕು ದುಡ್ಡು ಕಟ್ಟಿಹಾಕಿದೆ, ಲಾಭ ಇದ್ದರೂ ಕೈಯಲ್ಲಿ ಕಾಸು ಯಾಕಿಲ್ಲ, ಆನ್‌ಲೈನ್ ಮಾರಾಟದವರ ಎದುರು ಹೇಗೆ ನಿಲ್ಲೋದು ಅನ್ನೋದನ್ನ ಕಲಿಸುವ ಕೋರ್ಸ್ ಬೇಕು.

ಅದಕ್ಕೆ ಕಡಿಮೆ ಖರ್ಚಿನ ದಾರಿಗಳಿವೆ. ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಮ್ಯಾನೇಜ್‌ಮೆಂಟ್ ಪಾಠಗಳ ಉಸ್ತುವಾರಿ ಬೆಂಗಳೂರು ಐಐಎಂನದ್ದೇ. ಅಕೌಂಟ್ಸ್, ಮಾರ್ಕೆಟಿಂಗ್ ಪಾಠ ಪುಕ್ಕಟೆ ಕೇಳಬಹುದು. ಸರ್ಟಿಫಿಕೇಟ್ ಬೇಕಾದವರು ಮಾತ್ರ ಪರೀಕ್ಷೆ ಫೀ ಕಟ್ಟಿದರಾಯಿತು. ಕುಟುಂಬದ ವ್ಯಾಪಾರ ನಡೆಸೋರಿಗೆ, ಮಹಿಳಾ ಉದ್ಯಮಿಗಳಿಗೆ ಅಂತಲೇ ಅದೇ ಐಐಎಂ ಬೇರೆ ತರಬೇತಿಗಳನ್ನೂ ನಡೆಸಿಕೊಂಡು ಬಂದಿದೆ. ಹೊಸದಾಗಿ ಉದ್ಯೋಗ ಶುರು ಮಾಡೋ ಹಳ್ಳಿ ಯುವಕರಿಗೆ ಆರ್‌ಸೆಟಿ ತರಬೇತಿ ಇದೆ, ಊಟ ವಸತಿ ಸಮೇತ ಉಚಿತ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯನ್ನೇ ದೇಶ ಪೂರ್ತಿ ತಗೊಂಡು ಮಾಡಿದ್ದು ಇದು.

ಡಿಗ್ರಿ ಅರ್ಧಕ್ಕೆ ಬಿಟ್ಟವರು: ಡಿಗ್ರಿ ಇಲ್ಲದೆ ಎಂಬಿಎ ಪದವಿ ಸಿಗಲ್ಲ. "ಎಸ್‌ಎಸ್‌ಎಲ್‌ಸಿ ಆಗಿದ್ರೂ ಪರವಾಗಿಲ್ಲ, ಅನುಭವ ಇದ್ರೆ ಎಕ್ಸಿಕ್ಯೂಟಿವ್ ಎಂಬಿಎ ಕೊಡಿಸ್ತೀವಿ" ಅನ್ನೋರು ಕೊಡೋದು ಪದವಿ ಅಲ್ಲ. ಪಿಯುಸಿ ಪಾಸಾಗಿದ್ದರೆ ಮುಕ್ತ ವಿವಿ ಅಥವಾ ಇಗ್ನೋದಲ್ಲಿ ಮೊದಲು ಬಿಕಾಂ ಇಲ್ಲವೇ ಬಿಬಿಎ ಮುಗಿಸೋದು ನೇರ ದಾರಿ. ಮೂರು ವರ್ಷ ಹಿಡಿಯುತ್ತೆ, ಆದರೆ ಆ ಡಿಗ್ರಿ ಒಂದೇ ಎಷ್ಟೋ ಬಾಗಿಲು ತೆಗೆಯುತ್ತೆ.

ರಾಯಚರ್ಲು ಲೆಕ್ಕದಲ್ಲಿ ಫೀ

ದುಡ್ಡಿನ ವಿಷಯವನ್ನ ನಮ್ಮ ಊರಿನ ಲೆಕ್ಕದಲ್ಲೇ ನೋಡೋಣ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚರ್ಲು, ಈ ಐದು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ನಿಂತಿದೆ. ರೈತರಿಗೆ ಶುರುವಿನಲ್ಲಿ ನಿಗದಿಯಾದ ಗುತ್ತಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಈ ದುಡ್ಡಿನ ಮೇಲೆ ನಂಬಿಕೆ ಇಟ್ಟು ಮಕ್ಕಳ ಓದು, ತಮ್ಮ ಓದು ಎರಡಕ್ಕೂ ಸಾಲ ಮಾಡುವ ಯೋಚನೆ ಕೆಲವು ಮನೆಗಳಲ್ಲಿ ಬರೋದು ಸಹಜ.

ಉದಾಹರಣೆಗೆ 15 ಲಕ್ಷ ಸಾಲ, ಶೇ 10.5 ಬಡ್ಡಿ, 7 ವರ್ಷ ಅಂತ ಇಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 25,300 ರೂಪಾಯಿ. ವರ್ಷಕ್ಕೆ 3 ಲಕ್ಷದ ಮೇಲೆ. ಶುರುವಿನ ಗುತ್ತಿಗೆ ದರದಲ್ಲಿ ಇದನ್ನ ಕಟ್ಟೋಕೆ 14 ಎಕರೆಗೂ ಹೆಚ್ಚು ಜಮೀನಿನ ಇಡೀ ವರ್ಷದ ಹಣ ಬೇಕು. ಸಾಲ ತೀರೋ ಹೊತ್ತಿಗೆ ಒಟ್ಟು ಕಟ್ಟಿದ್ದು 21 ಲಕ್ಷ ದಾಟಿರುತ್ತೆ. ಅಂದರೆ ಕೋರ್ಸ್ ಮುಗಿದ ಮೇಲೆ ಕೈಗೆ ಬರೋ ಸಂಬಳ ತಿಂಗಳಿಗೆ 25 ಸಾವಿರಕ್ಕಿಂತ ಜಾಸ್ತಿ ಏರಿದರೆ ಮಾತ್ರ ಲಾಭ. ಏಳು ವರ್ಷ ಅನ್ನೋದೂ ನೆನಪಿರಲಿ. 28ಕ್ಕೆ ಓದಿದವರಿಗೆ ದುಡಿಯೋಕೆ ಇನ್ನೂ 30 ವರ್ಷ ಇದೆ, 45ಕ್ಕೆ ಓದಿದವರಿಗೆ ಅಷ್ಟಿಲ್ಲ.

1 ಲಕ್ಷದೊಳಗಿನ ಕೋರ್ಸಿಗೆ ಈ ತಲೆಬಿಸಿ ಇಲ್ಲ. ಫಲ ಸಿಗದಿದ್ದರೂ ಮನೆ ಮುಳುಗಲ್ಲ. ಆದರೆ ಅಲ್ಲಿ ಖರ್ಚಾಗೋದು ಸಮಯ. ಪಠ್ಯ ಬಹುತೇಕ ಇಂಗ್ಲಿಷಿನಲ್ಲಿ ಇರುತ್ತೆ. ಕನ್ನಡ ಮಾಧ್ಯಮದಲ್ಲಿ ಓದಿ ಹದಿನೈದು ವರ್ಷ ಪುಸ್ತಕ ಮುಟ್ಟದವರಿಗೆ ದಿನಕ್ಕೆ ಒಂದೂವರೆ ಗಂಟೆಯಾದರೂ ಬೇಕು. ಅಂಗಡಿ ಬಾಗಿಲು ಹಾಕಿ ಮನೆಗೆ ಬರೋದೇ ರಾತ್ರಿ ಒಂಬತ್ತೂವರೆ ಅಂದರೆ, ಆ ಸಮಯ ಎಲ್ಲಿಂದ ಬರುತ್ತೆ ಅಂತ ಮನೆಯವರ ಜೊತೆ ಕೂತು ಮಾತಾಡಿಯೇ ಸೇರಬೇಕು.

ಸಾಲದ ವಿಷಯದಲ್ಲಿ ಇನ್ನೊಂದು ಮಾತು. 'ನೋ ಕಾಸ್ಟ್ ಇಎಂಐ' ಅಂತ ಫೋನಿನಲ್ಲೇ ಓಟಿಪಿ ಕೇಳಿದರೆ, ಅದು ಬಹಳ ಸಲ ಫೈನಾನ್ಸ್ ಕಂಪನಿಯಿಂದ ನಿಮ್ಮ ಹೆಸರಲ್ಲಿ ತೆಗೆಯುವ ಸಾಲ. ಕೋರ್ಸ್ ಇಷ್ಟ ಆಗಲಿಲ್ಲ ಅಂತ ಬಿಟ್ಟರೂ ಕಂತು ನಿಲ್ಲಲ್ಲ. ಕಟ್ಟದಿದ್ದರೆ ಸಿಬಿಲ್ ಸ್ಕೋರ್ ಬೀಳುತ್ತೆ, ಆಮೇಲೆ ಅಂಗಡಿಗೆ ಬೇಕಾದ ಸಾಲಕ್ಕೂ ಕಲ್ಲು ಬೀಳುತ್ತೆ. ಅದರ ಬದಲು ನಿಮ್ಮ ಬ್ಯಾಂಕ್ ಮ್ಯಾನೇಜರ್ ಹತ್ತಿರ ಶಿಕ್ಷಣ ಸಾಲದ ಬಗ್ಗೆ ಕೇಳಿ. ಕೆಲಸ ಮಾಡ್ತಾ ಓದುವ ಕೋರ್ಸಿಗೆ ಎಲ್ಲಾ ಬ್ಯಾಂಕೂ ಒಪ್ಪಲ್ಲ, ಒಪ್ಪಿದರೆ ಅದೇ ಸುರಕ್ಷಿತ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ ಎಂಟು ವರ್ಷದವರೆಗೆ ರಿಯಾಯಿತಿ ಇದೆ, ಹೊಸ ಪದ್ಧತಿ ಆರಿಸಿಕೊಂಡವರಿಗೆ ಇಲ್ಲ.

ಫೀ ಕಟ್ಟುವ ಮುನ್ನ ಈ ಏಳು ಪ್ರಶ್ನೆ

1. ಮುಗಿದ ಮೇಲೆ ಕೈಗೆ ಬರೋ ಕಾಗದದ ಮೇಲೆ ಏನಂತ ಬರೆದಿರುತ್ತೆ: ಪದವಿಯೋ, ಡಿಪ್ಲೊಮಾನೋ, ಸರ್ಟಿಫಿಕೇಟೋ?
2. ಕೊಡೋದು ಯಾರು: ವಿಶ್ವವಿದ್ಯಾಲಯವೋ, ಫೋನ್ ಮಾಡ್ತಿರೋ ಕಂಪನಿಯೋ?
3. ಈ ಕೋರ್ಸಿಗೆ, ಈ ವರ್ಷ ಯುಜಿಸಿ ಡಿಇಬಿ ಪಟ್ಟಿಯಲ್ಲಿ ಹೆಸರಿದೆಯಾ?
4. ಡಿಇಬಿ ಐಡಿ ಕೇಳಿದರಾ?
5. ಫೀ ಹೋಗೋದು ವಿಶ್ವವಿದ್ಯಾಲಯದ ಖಾತೆಗಾ? ಅದೇ ಹೆಸರಿನ ರಸೀದಿ ಕೊಡ್ತಾರಾ?
6. ಪರೀಕ್ಷೆ ಫೀ, ಪುಸ್ತಕ, ಓಡಾಟ ಸೇರಿ ಒಟ್ಟು ಎಷ್ಟಾಗುತ್ತೆ? ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್?
7. ಈ ಕಾಗದ ನೋಡಿ ನನಗೆ ಬಡ್ತಿ, ಕೆಲಸ ಅಥವಾ ಸಂಬಳ ಕೊಡೋರು ಯಾರು? ಅವರನ್ನ ನಾನು ಕೇಳಿದ್ದೀನಾ?

ಮೊದಲ ಆರಕ್ಕೆ ಉತ್ತರ ವೆಬ್‌ಸೈಟ್, ವಿವಿ ಕಚೇರಿಯಲ್ಲಿ ಸಿಗುತ್ತೆ. ಏಳನೇದಕ್ಕೆ ಉತ್ತರ ಸಿಗೋದು ನಿಮ್ಮ ಕೆಲಸದ ಜಾಗದಲ್ಲಿ ಮಾತ್ರ. ಅಲ್ಲಿ ಯಾರೂ ಕೇಳಲ್ಲ ಅಂತ ಗೊತ್ತಾದರೆ ಪದವಿಯ ದುಡ್ಡು ಜೇಬಲ್ಲೇ ಇರಲಿ, ಬೇಕಾದ ವಿದ್ಯೆಯನ್ನ ಪುಕ್ಕಟೆ ಸಿಗೋ ಕಡೆ ಕಲಿಯಿರಿ. ಕೇಳ್ತಾರೆ ಅಂತ ಗೊತ್ತಾದರೆ, ಅವರು ಒಪ್ಪೋ ಕಾಗದ ಯಾವುದು ಅಂತ ಕೇಳಿಯೇ ಅರ್ಜಿ ಹಾಕಿ.